ಕೀಲಿಮಣೆ ಕಟ್ಟೆ: ‘ನಾಡಿದ್ದು’ ಅಂದರೆ ಯಾವತ್ತು?

ಕಳೆದ ಮಳೆಗಾಲದ ಒಂದು ಭಾನುವಾರ. ರಾತ್ರಿ ಹತ್ತಕ್ಕೆ ಹುಬ್ಬಳ್ಳಿಯಿಂದ ಅವ್ವನ ಫೋನು. “ನಾಡಿದ್ದ ಅಪ್ಪಂದು ಕಣ್ಣಿನ ಆಪರೇಷನ್. ಮುಂಜಾನೆ ಎಂಟಕ್ಕ ದವಾಖಾನಿಗೆ ಬಾ ಅಂದಾರ. ನೀ ಬರ್ತೀ ಹೌದಿಲ್ಲೋ?” ಬರ್ತೀನಿ ಅಂದೆ. ಪುಣೆಯಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಗ್ಗೆ ಹುಬ್ಬಳ್ಳಿ. ದೊಡ್ಡ ಮಾತೇನಲ್ಲ.

ಊಟ, ಪಾತ್ರೆ, ಸೋಮವಾರದ ಮೀಟಿಂಗಿನ ತಯಾರಿ ಎಲ್ಲ ಮುಗಿಸಿ, ಮಲಗುವ ಮುಂಚೆ ಲ್ಯಾಪ್‌ಟಾಪಿನಲ್ಲಿ ನನ್ನ ಕೆಲಸದ ಪಟ್ಟಿ ತೆರೆದೆ. ‘ಅಪ್ಪನ ಆಪರೇಷನ್’ ಎಂದು ಬರೆದು, ದಿನಾಂಕದ ಜಾಗದಲ್ಲಿ ಅಭ್ಯಾಸದಂತೆ +2 ಒತ್ತಿ ಎಂಟರ್ ಹೊಡೆದೆ. ಎರಡು ದಿನದ ನಂತರ, ಅಂದರೆ ನಾಡಿದ್ದು. ಮರುದಿನ ಆ ಪಟ್ಟಿ ನೋಡಿಯೇ ಬಸ್ಸಿನ ಟಿಕೆಟ್ ತೆಗೆದೆ.

ಮಂಗಳವಾರ ಬೆಳಗ್ಗೆ ಎಂಟಕ್ಕೆ ಮತ್ತೆ ಅವ್ವನ ಫೋನು. “ಎಲ್ಲಿದ್ದೀಯೋ? ಬಸ್ಸು ಇನ್ನೂ ಮುಟ್ಟಿಲ್ಲೇನು?” ನಾನು ಪುಣೆಯಲ್ಲೇ ಇದ್ದೆ. ನನ್ನ ಪಟ್ಟಿಯಲ್ಲಿ ಆಪರೇಷನ್ ಇದ್ದದ್ದು ಬುಧವಾರ. ಅಪ್ಪನನ್ನು ಪಕ್ಕದ ಮನೆಯವರು ತಮ್ಮ ಕೆಲಸಕ್ಕೆ ರಜೆ ಹಾಕಿ ಕರೆದುಕೊಂಡು ಹೋದರು.

ತಪ್ಪು ಎಲ್ಲಾಯಿತು? ನಾನು +2 ಒತ್ತಿದಾಗ ಗಡಿಯಾರದಲ್ಲಿ 12.40 ಆಗಿತ್ತು. ನನ್ನ ಮಟ್ಟಿಗೆ ಅದಿನ್ನೂ ಭಾನುವಾರ ರಾತ್ರಿ. ಕಂಪ್ಯೂಟರಿಗೆ ಸೋಮವಾರ ಶುರುವಾಗಿ ನಲವತ್ತು ನಿಮಿಷವಾಗಿತ್ತು. ಸೋಮವಾರಕ್ಕೆ ಎರಡು ಕೂಡಿಸಿದರೆ ಬುಧವಾರವೇ. ಯಂತ್ರದ ಲೆಕ್ಕ ಸರಿಯಾಗಿತ್ತು, ಎಣಿಸಲು ಶುರುಮಾಡಿದ ದಿನ ಮಾತ್ರ ಬೇರೆ.

ನಾನು ಬಳಸುವುದು ಈಮ್ಯಾಕ್ಸ್ ಎಂಬ ಹಳೆಯ ಪಠ್ಯ ಸಂಪಾದಕವನ್ನು, ಅದರೊಳಗಿನ ಆರ್ಗ್ ಮೋಡನ್ನು. ಇದನ್ನು 2003ರಲ್ಲಿ ಶುರುಮಾಡಿದವರು ಕಾರ್ಸ್ಟೆನ್ ಡೊಮಿನಿಕ್ ಎಂಬ ಖಗೋಳ ವಿಜ್ಞಾನಿ. ಕಂಟ್ರೋಲ್ ಜೊತೆ ಸಿ ಒತ್ತಿ, ಆಮೇಲೆ ಚುಕ್ಕಿ ಒತ್ತಿದರೆ ದಿನಾಂಕ ಕೇಳುತ್ತದೆ. ಪೂರ್ತಿ ತಾರೀಖು ಬರೆಯಬೇಕಿಲ್ಲ, +4 ಅಂದರೆ ಇವತ್ತಿನಿಂದ ನಾಲ್ಕು ದಿನ. ಸಂಖ್ಯೆಯ ಮುಂದೆ ಇಂಗ್ಲಿಷಿನ ಡಬ್ಲ್ಯು ಸೇರಿಸಿದರೆ ವಾರ, ಎಂ ಸೇರಿಸಿದರೆ ತಿಂಗಳು. ಇಷ್ಟು ಸುಲಭವಾದ್ದರಿಂದಲೇ ಎಡವುವುದೂ ಸುಲಭ. ಆ ಮಂಗಳವಾರದ ನಂತರ ಕೂತು ಒಂದೊಂದಾಗಿ ಪರೀಕ್ಷಿಸಿದ್ದನ್ನು ಇಲ್ಲಿ ಕೊಟ್ಟಿದ್ದೇನೆ.

ಒಂದು, ನಡುರಾತ್ರಿಯ ಸಮಸ್ಯೆ. ಇದಕ್ಕೆ ಆರ್ಗ್ ಮೋಡಿನಲ್ಲೇ ಮದ್ದಿದೆ. ‘ಆರ್ಗ್-ಎಕ್ಸ್‌ಟೆಂಡ್-ಟುಡೇ-ಅಂಟಿಲ್’ ಎಂಬ ಸೆಟ್ಟಿಂಗಿಗೆ 3 ಎಂದು ಕೊಟ್ಟರೆ, ದಿನಾಂಕ ಕೇಳುವಾಗ ಬೆಳಗಿನ ಜಾವ ಮೂರರವರೆಗೂ ಅದು ಹಿಂದಿನ ದಿನವೇ ನಡೆಯುತ್ತಿದೆ ಎಂದುಕೊಳ್ಳುತ್ತದೆ. ಜಾನ್ ವೀಗ್ಲಿ ಎಂಬ ಡೆವಲಪರಿಗೆ ನಡುರಾತ್ರಿಯ ನಂತರ ಕೆಲಸ ಮಾಡುವುದೇ ಇಷ್ಟವಾದ್ದರಿಂದ ಈ ಸೌಲಭ್ಯ ಇದೆ ಎಂದು ಅದರ ವಿವರಣೆಯಲ್ಲೇ ತಮಾಷೆಯಾಗಿ ಬರೆದಿದ್ದಾರೆ. ಇದು ಅಪೂರ್ಣ, ಅಪೂರ್ಣವಾಗಿಯೇ ಉಳಿಯಬಹುದು ಎಂಬ ಎಚ್ಚರಿಕೆಯೂ ಅಲ್ಲೇ ಇದೆ. ಹಾಗಾಗಿ ಪೂರ್ತಿ ಇದನ್ನೇ ನಂಬಬೇಡಿ.

ಎರಡು, ಒಂದು ಪ್ಲಸ್ಸೋ, ಎರಡು ಪ್ಲಸ್ಸೋ. ಇವತ್ತು 10ನೇ ತಾರೀಖು ಎಂದುಕೊಳ್ಳಿ. ಪಟ್ಟಿಯಲ್ಲಿ ‘ಅಪ್ಪನ ತಪಾಸಣೆ’ 14ಕ್ಕೆ ಇದೆ. ಒಂದು ವಾರ ಮುಂದೆ ಹೋಯಿತು ಎಂದು ಫೋನು ಬರುತ್ತದೆ. ಆ 14ರ ಮೇಲೆ ಕರ್ಸರ್ ಇಟ್ಟು +7 ಬರೆದರೆ 21 ಬರುವುದಿಲ್ಲ, 17 ಬರುತ್ತದೆ. ಒಂದು ಪ್ಲಸ್ ಯಾವಾಗಲೂ ಇವತ್ತಿನಿಂದಲೇ ಎಣಿಸುತ್ತದೆ. ಅಲ್ಲಿರುವ ತಾರೀಖಿನಿಂದ ಎಣಿಸಬೇಕಾದರೆ ++7 ಎಂದು ಎರಡು ಪ್ಲಸ್ ಹಾಕಬೇಕು. ಮೈನಸ್ಸಿಗೂ ಇದೇ ನಿಯಮ.

ಊರಿಗೆ ರೈಲಿನಲ್ಲಿ ಹೋಗುವವರಿಗೆ ಈ ಎರಡು ಮೈನಸ್ ಬಹಳ ಉಪಯೋಗ. 2024ರ ನವೆಂಬರ್ 1ರಿಂದ ರೈಲ್ವೆ ಮುಂಗಡ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ, ಪ್ರಯಾಣದ ದಿನ ಬಿಟ್ಟು. ನವೆಂಬರ್ 6ಕ್ಕೆ ಹೊರಡುವುದಾದರೆ ಆ ತಾರೀಖಿನ ಮೇಲೆ --60 ಬರೆಯಿರಿ, ಸೆಪ್ಟೆಂಬರ್ 7 ಬರುತ್ತದೆ. ಎರಡು ತಿಂಗಳು ಹಿಂದೆ ಎಂದು ಕೇಳಿದರೆ ಸೆಪ್ಟೆಂಬರ್ 6 ಬರುತ್ತದೆ. ಹಬ್ಬದ ಟಿಕೆಟ್ಟಿಗೆ ಒಂದು ದಿನದ ವ್ಯತ್ಯಾಸ ಎಷ್ಟು ದೊಡ್ಡದು ಎಂದು ನಿಮಗೆ ಹೇಳಬೇಕಿಲ್ಲ. ತಿಂಗಳನ್ನು ಕೂಡಿಸುವಾಗ ಇನ್ನೊಂದು ಗುಂಡಿಯೂ ಇದೆ. ಜನವರಿ 31ಕ್ಕೆ ಒಂದು ತಿಂಗಳು ಕೂಡಿಸಿದರೆ ಸಾಮಾನ್ಯ ವರ್ಷದಲ್ಲಿ ಆರ್ಗ್ ಮೋಡ್ ಮಾರ್ಚ್ 3 ಎನ್ನುತ್ತದೆ. ಅದೇ ಲೆಕ್ಕಕ್ಕೆ ಸ್ಪ್ರೆಡ್‌ಶೀಟಿನ ‘ಈಡೇಟ್’ ಫೆಬ್ರವರಿ 28 ಕೊಡುತ್ತದೆ. ಬಾಡಿಗೆ, ಕಂತು ಕಟ್ಟುವವರು ನೋಡಿಕೊಳ್ಳಿ.

ಮೂರು, ಮುಂದೆ ಓಡುವ ತಾರೀಖು. ತಿಂಗಳು ಹೇಳದೆ ಬರೀ 12 ಎಂದು ಬರೆದರೆ, ಈ ತಿಂಗಳ 12 ಆಗಲೇ ಕಳೆದಿದ್ದರೆ ಅದು ಮುಂದಿನ ತಿಂಗಳ 12 ಎಂದುಕೊಳ್ಳುತ್ತದೆ. ಮುಂದಿನ ಕೆಲಸಗಳಿಗೆ ಇದು ಸರಿ. ಆದರೆ ಹಾಲಿನ ಲೆಕ್ಕ, ಖರ್ಚಿನ ಲೆಕ್ಕ ಬರೆಯುವವರಿಗೆ ನಿನ್ನೆ ಮೊನ್ನೆ ಕೊಟ್ಟ ಹಣ ಮುಂದಿನ ತಿಂಗಳಲ್ಲಿ ಹೋಗಿ ಕೂರುತ್ತದೆ. ‘ಆರ್ಗ್-ರೀಡ್-ಡೇಟ್-ಪ್ರಿಫರ್-ಫ್ಯೂಚರ್’ ಎಂಬುದಕ್ಕೆ ‘ನಿಲ್’ ಎಂದು ಕೊಟ್ಟರೆ ಇದು ನಿಲ್ಲುತ್ತದೆ.

ನಾಲ್ಕು, ಓರೆಗೆರೆ. 5/9 ಎಂದರೆ ನಮಗೆ ಸೆಪ್ಟೆಂಬರ್ 5. ಆರ್ಗ್ ಮೋಡಿಗೆ ಅದು ಅಮೆರಿಕದ ಪದ್ಧತಿ, ಮೇ 9. ಚುಕ್ಕಿ ಹಾಕಿ 5.9.2026 ಎಂದು ವರ್ಷದ ಸಮೇತ ಬರೆದರೆ ನಮ್ಮ ಕ್ರಮದಲ್ಲೇ ಓದಿಕೊಳ್ಳುತ್ತದೆ.

ಐದನೆಯದು ಸಾಫ್ಟ್‌ವೇರಿನ ಸಮಸ್ಯೆಯಲ್ಲ, ನಮ್ಮ ಮಾತಿನದು. ಸೋಮವಾರ ಊರಿನವರು “ಇವತ್ತಿಗೆ ಎಂಟು ದಿನಕ್ಕೆ ಗೃಹಪ್ರವೇಶ” ಅಂದರೆ ಅದು ಬರುವ ಸೋಮವಾರ. ಇವತ್ತನ್ನೂ ಸೇರಿಸಿ ಎಣಿಸುವುದು ನಮ್ಮ ರೂಢಿ. ಮರಾಠಿಯವರು ವಾರಕ್ಕೆ ‘ಆಠವಡಾ’ ಎನ್ನುವುದರಲ್ಲೂ ಅದೇ ಎಂಟು ಇದೆ. ಯಂತ್ರ ಇವತ್ತನ್ನು ಸೊನ್ನೆ ಎಂದು ಹಿಡಿಯುತ್ತದೆ. +8 ಬರೆದರೆ ಮಂಗಳವಾರ ಬರುತ್ತದೆ, ನೀವು ಹೋಗುವಷ್ಟರಲ್ಲಿ ಚಪ್ಪರ ಬಿಚ್ಚುತ್ತಿರುತ್ತಾರೆ. ಎಂಟು ದಿನಕ್ಕೆ +7, ಹದಿನೈದು ದಿನಕ್ಕೆ +14 ಎಂದು ನೆನಪಿಡಿ. ಇನ್ನು ಇಲ್ಲಿ ನಮ್ಮ ಸುತ್ತಲಿನ ಭಾಷೆಗಳದ್ದೇ ಬೇರೆ ಗೊಂದಲ. ಹಿಂದಿಯ ‘ಕಲ್’ ನಿನ್ನೆಯೂ ಹೌದು, ನಾಳೆಯೂ ಹೌದು. ಮರಾಠಿಯ ‘ಪರವಾ’ ಮೊನ್ನೆಗೂ ಬರುತ್ತದೆ, ನಾಡಿದ್ದಿಗೂ ಬರುತ್ತದೆ. ಕನ್ನಡದಲ್ಲಿ ನಿನ್ನೆ, ಮೊನ್ನೆ, ನಾಳೆ, ನಾಡಿದ್ದು ಎಲ್ಲಕ್ಕೂ ಬೇರೆ ಬೇರೆ ಪದವಿದೆ, ಪ್ಲಸ್ಸು ಮೈನಸ್ಸು ಪದದೊಳಗೇ ಇದ್ದ ಹಾಗೆ. ಆದರೂ ಯಾವ ದಿನದಿಂದ ಎಣಿಸಬೇಕು ಎಂಬುದು ಕನ್ನಡದಲ್ಲೂ ಪದದೊಳಗಿಲ್ಲ. ಅದು ಹೇಳಿದವರಿಗೆ, ಹೇಳಿದ ಹೊತ್ತಿಗೆ ಸೇರಿದ್ದು.

ಇಷ್ಟೆಲ್ಲ ನೆನಪಿಡುವುದು ಕಷ್ಟ ಅನ್ನುವವರಿಗೆ ಒಂದೇ ಒಂದು ಅಭ್ಯಾಸ ಸಾಕು. ನೀವು +2 ಬರೆಯುತ್ತಿದ್ದಂತೆ ಆರ್ಗ್ ಮೋಡ್ ತನಗೆ ಅರ್ಥವಾದ ಪೂರ್ತಿ ತಾರೀಖನ್ನು ವಾರದ ಸಮೇತ ಪಕ್ಕದಲ್ಲೇ ತೋರಿಸುತ್ತದೆ. ಎಂಟರ್ ಒತ್ತುವ ಮುಂಚೆ ಆ ವಾರವನ್ನು ಬಾಯಿಬಿಟ್ಟು ಓದಿ. ಅವತ್ತು ನಾನು ‘ಬುಧವಾರ’ ಎಂದು ಒಮ್ಮೆ ಓದಿದ್ದರೆ ಸಾಕಿತ್ತು. ಕಣ್ಣೆದುರೇ ಇತ್ತು, ನೋಡಲಿಲ್ಲ.

ಈಮ್ಯಾಕ್ಸ್ ಮುಟ್ಟದವರಿಗೂ ಇದು ಅನ್ವಯಿಸುತ್ತದೆ. ವಿಂಡೋಸಿನ ನೋಟ್‌ಪ್ಯಾಡಿನಲ್ಲಿ ಎಫ್5 ಒತ್ತಿದರೆ ಆ ಹೊತ್ತಿನ ತಾರೀಖು, ಸಮಯ ಅಚ್ಚಾಗುತ್ತದೆ, ಮತ್ತೆ ಬದಲಾಗುವುದಿಲ್ಲ. ಸ್ಪ್ರೆಡ್‌ಶೀಟಿನಲ್ಲಿ ‘ಟುಡೇ’ ಸೂತ್ರ ಹಾಕಿದರೆ ಫೈಲು ತೆರೆದಾಗಲೆಲ್ಲ ಅದು ಆಯಾ ದಿನಕ್ಕೆ ಬದಲಾಗುತ್ತದೆ. ಉಳಿಯಬೇಕಾದ ತಾರೀಖಿಗೆ ಕಂಟ್ರೋಲ್ ಜೊತೆ ಅರ್ಧವಿರಾಮ ಚಿಹ್ನೆ ಒತ್ತಿ. ವಾಟ್ಸ್ಯಾಪಿನಲ್ಲಿ ಮನೆಯವರಿಗೆ ಬರೆಯುವಾಗಲೂ ‘ನಾಳೆ’ ಎನ್ನುವ ಬದಲು ‘ನಾಳೆ, ಗುರುವಾರ’ ಎನ್ನಿ. ಓದುವವರು ಯಾವಾಗ ಓದುತ್ತಾರೋ ಯಾರಿಗೆ ಗೊತ್ತು?

ಅಪ್ಪನ ಇನ್ನೊಂದು ಕಣ್ಣಿನ ಆಪರೇಷನ್ ಎರಡು ತಿಂಗಳ ಮೇಲೆ ಆಯಿತು. “ಬರೂ ಶುಕ್ರವಾರ” ಎಂದಳು ಅವ್ವ. ತಾರೀಖು ಎಷ್ಟು ಅಂತ ಕೇಳಿದೆ. ಗೋಡೆಯ ಕ್ಯಾಲೆಂಡರ್ ತನಕ ನಡೆದುಹೋಗಿ, ಕನ್ನಡಕ ಹಾಕಿಕೊಂಡು ಓದಿ ಹೇಳಿದಳು. ನಾನು ಬರೆದುಕೊಂಡು, ವಾರ ಸಮೇತ ಅವಳಿಗೆ ತಿರುಗಿ ಓದಿ ಹೇಳಿದೆ. ಗುರುವಾರ ರಾತ್ರಿ ಬಸ್ಸಿನಲ್ಲಿದ್ದೆ.

ನಿಮ್ಮ ಪಟ್ಟಿಯಲ್ಲೂ ತಾರೀಖು ಹೀಗೆ ಜಾರಿದ್ದರೆ, ಏನು ಬರೆದಿರಿ, ಏನು ಬಂತು ಎಂದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಬಿಡಿಸೋಣ.