ಕಿಟ್ಟೆಲರ ಹುಟ್ಟೂರು

ಕಿಟ್ಟೆಲರ ಹೆಸರನ್ನರಿಯದ ಕನ್ನಡ ವಿದ್ಯಾರ್ಥಿ ವಿರಳ. ಅವರ ಹುಟ್ಟೂರನ್ನು ಬಲ್ಲವರೂ ಅಷ್ಟೇ ವಿರಳ. 1832ರಲ್ಲಿ ಅವರು ಪಾದ್ರಿಯೊಬ್ಬರ ಮಗನಾಗಿ ಜನಿಸಿದ ರೆಸ್ಟರ್‌ಹಾಫೆ, ಜರ್ಮನಿಯ ವಾಯವ್ಯ ಕರಾವಳಿಯ ಪೂರ್ವ ಫ್ರೀಸಿಯ ಸೀಮೆಯ ಪುಟ್ಟ ಹಳ್ಳಿ. ಗುಡ್ಡವನ್ನೇ ಕಾಣದ ನೆಲವದು. ಕಡಲುಕ್ಕಿದರೆ ಜೀವವುಳಿಯಲೆಂದು ಆ ಸೀಮೆಯವರು ಮಣ್ಣಿನ ದಿಬ್ಬಗಳನ್ನೆಬ್ಬಿಸಿ, ಅವುಗಳ ಮೇಲೆ ಇಟ್ಟಿಗೆಯ ಚರ್ಚುಗಳನ್ನು ಕಟ್ಟಿದರು. ಆದರೂ 1717ರ ಕ್ರಿಸ್‌ಮಸ್ ನೆರೆ ಆ ತೀರದಲ್ಲಿ ಸಾವಿರಾರು ಜನರನ್ನು ನುಂಗಿತು.

ನೀರು ಇಳಿಯಿತು, ನುಡಿಯೊಂದು ಮಾತ್ರ ಮೆಲ್ಲನೆ ಮುಳುಗಿತು. ಕಿಟ್ಟೆಲರ ಕಾಲಕ್ಕೆ ಅಲ್ಲಿಯ ಹಳೆಯ ಫ್ರೀಸಿಯನ್ ಅಳಿದು, ಮನೆಮಾತು ತಗ್ಗುಸೀಮೆಯ ಜರ್ಮನ್ ಆಗಿತ್ತು. ಚರ್ಚು, ಶಾಲೆಗಳದು ಶಿಷ್ಟ ಜರ್ಮನ್. ಅಂಥ ನೆಲದವರು 1894ರಲ್ಲಿ ನಮ್ಮ ಸುಮಾರು 70,000 ಶಬ್ದಗಳನ್ನು ಕೋಶದಲ್ಲಿಟ್ಟು ಕಾಪಾಡಿದುದು ಬರಿಯ ಆಕಸ್ಮಿಕವೆನ್ನಲು ನನ್ನ ಮನಸ್ಸೊಪ್ಪದು. ಬೆಂಗಳೂರಿನಲ್ಲಿ ಅವರ ಪ್ರತಿಮೆ ನಿಲ್ಲಿಸಿದ ನಾವು ಪಠ್ಯಪುಸ್ತಕದಲ್ಲಿ ಆ ಹಳ್ಳಿಗೂ ಒಂದು ಪುಟ ಕೊಡಬೇಕು.