ಬ್ರಿಟನ್ನಿನ ಭಾನುವಾರವೂ ನಮ್ಮ ಭಾನುವಾರವೂ



ಬ್ರಿಟನ್ನಿನಲ್ಲಿ ದೇವಾಲಯಗಳು ಬಾಗಿಲು ಹಾಕುತ್ತಿವೆ, ಕೆಲವು ಮಾರಾಟವಾಗಿ ಮನೆಗಳೂ ಅಂಗಡಿಗಳೂ ಆಗಿವೆ ಎಂಬ ಮಾತು ನಮ್ಮ ಲೈನುಗಳಲ್ಲಿಯೂ ಆಗಾಗ ಕೇಳಿಬರುತ್ತದೆ. ಮಿಷನರಿಗಳನ್ನು ಕಳುಹಿಸಿದ ನಾಡಿನಲ್ಲೇ ದೀಪ ಆರಿಹೋದರೆ ನಮ್ಮ ಗತಿಯೇನು ಎಂದು ಹಿರಿಯರು ಕೊರಗುತ್ತಾರೆ. ಈ ಕೊರಗಿನಲ್ಲಿ ನಿಜವೆಷ್ಟು, ಕೂಲಿಯವರಾದ ನಾವು ಅದರಿಂದ ಕಲಿಯಬೇಕಾದದ್ದೇನು ಎಂದು ಸಮಾಧಾನವಾಗಿ ಯೋಚಿಸುವುದು ಒಳ್ಳೆಯದು.

ಲೆಕ್ಕವಂತೂ ಸುಳ್ಳಲ್ಲ. 2001ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನ ನೂರು ಜನರಲ್ಲಿ ಸುಮಾರು 72 ಮಂದಿ ತಾವು ಕ್ರೈಸ್ತರೆಂದು ಬರೆಸಿದ್ದರು. 2011ರಲ್ಲಿ ಅದು 59ಕ್ಕೆ ಇಳಿಯಿತು, 2021ರಲ್ಲಿ 46ಕ್ಕೆ. ತಮಗೆ ಯಾವ ಧರ್ಮವೂ ಇಲ್ಲವೆಂದವರು ಆ ವರ್ಷ 37 ಮಂದಿ. ಹೀಗಿದ್ದರೂ ಹಳೆಯ ಗೌರವಗಳು ಹೋಗಿಲ್ಲ. ಅರಸನೇ ಇಂಗ್ಲೆಂಡಿನ ಸಭೆಗೆ ಒಡೆಯ. ಪಾರ್ಲಿಮೆಂಟಿನ ಮೇಲ್ಮನೆಯಲ್ಲಿ 26 ಮಂದಿ ಬಿಷಪರಿಗೆ ಪೀಠವಿದೆ. 2023ರ ಮೇ 6ರಂದು ಮೂರನೆಯ ಚಾರ್ಲ್ಸ್ ಅರಸರ ಪಟ್ಟಾಭಿಷೇಕವು ವೆಸ್ಟ್‌ಮಿನ್ಸ್ಟರ್ ಅಬ್ಬೆಯಲ್ಲಿ ಪ್ರಭುಭೋಜನದ ಆರಾಧನೆಯೊಂದಿಗೇ ನಡೆಯಿತು. ಆದರೆ ಅಂದು ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯ ಪಾಠ ಓದಿದವರು ಪ್ರಧಾನಮಂತ್ರಿ ರಿಷಿ ಸುನಕ್, ಹಿಂದೂ ಧರ್ಮದವರು. ರಾಜಚಿಹ್ನೆಗಳಲ್ಲಿ ಕೆಲವನ್ನು ತಂದೊಪ್ಪಿಸಿದವರಲ್ಲಿ ಯೆಹೂದ್ಯರೂ ಮುಸಲ್ಮಾನರೂ ಸಿಖ್ಖರೂ ಹಿಂದೂಗಳೂ ಇದ್ದರು. 1829ರ ತನಕ ರೋಮನ್ ಕಥೋಲಿಕರನ್ನೂ 1858ರ ತನಕ ಯೆಹೂದ್ಯರನ್ನೂ ಪಾರ್ಲಿಮೆಂಟಿನ ಒಳಗೆ ಬಿಡದಿದ್ದ ದೇಶ ಅದು.

ಹೀಗೆ ಪೀಠ ಉಳಿದು ಜನ ಕರಗಿದ್ದಾರೆ. ಇದು ನಷ್ಟವೇ ಎಂದು ಕೇಳುವವರು, ಜನ ತುಂಬಿದ್ದ ಕಾಲದಲ್ಲಿ ಆ ಪೀಠ ಬಡವನಿಗೆ ಏನು ಮಾಡಿತೆಂಬುದನ್ನೂ ಕೇಳಬೇಕು.

ಡಾರ್ಸೆಟ್ ಸೀಮೆಯ ಟೋಲ್‌ಪಡಲ್ ಎಂಬ ಹಳ್ಳಿಯ ಕಥೆ ನಮ್ಮ ಮಕ್ಕಳಿಗೂ ಗೊತ್ತಿರತಕ್ಕದ್ದು. ಅಲ್ಲಿ ಹೊಲದ ಕೂಲಿಯವರಿಗೆ ವಾರಕ್ಕೆ 9 ಷಿಲಿಂಗ್ ಇದ್ದ ಕೂಲಿಯನ್ನು ಒಡೆಯರು 7ಕ್ಕೆ ಇಳಿಸಿದರು, 6ಕ್ಕೆ ಇಳಿಸುವೆವೆಂದರು. ಕೂಲಿಯವರು ಸಂಘ ಕಟ್ಟಿದರು. ಸಂಘ ಕಟ್ಟುವಾಗ ಗುಟ್ಟಾಗಿ ಪ್ರಮಾಣ ಮಾಡಿಸಿದರೆಂಬ ನೆಪದಿಂದ 1834ರಲ್ಲಿ ಆರು ಮಂದಿಗೆ ಏಳು ವರ್ಷ ಗಡೀಪಾರು ಶಿಕ್ಷೆಯಾಗಿ, ಅವರನ್ನು ಆಸ್ಟ್ರೇಲಿಯದ ಕಡೆಗೆ ಸಾಗಿಸಿದರು. ಅವರ ಮುಂದಾಳು ಜಾರ್ಜ್ ಲವ್‌ಲೆಸ್ ಮೆಥಡಿಸ್ಟ್ ಸಭೆಯ ಉಪದೇಶಿ, ಸಂಬಳವಿಲ್ಲದೆ ಬೋಧಿಸುತ್ತಿದ್ದ ಕೂಲಿಯಾಳು. ಊರ ಪಾದ್ರಿಗಳು ಒಡೆಯರ ಮಾತಿಗೆ ಸಾಕ್ಷಿಯಾಗಿ ನಿಂತು ಆಮೇಲೆ ಅದನ್ನು ಅಲ್ಲಗಳೆದರೆಂದು ಆತನೇ ಬರೆದಿಟ್ಟಿದ್ದಾನೆ. ಜನರ ಕೂಗಿಗೆ ಮಣಿದು ಸರ್ಕಾರ 1836ರಲ್ಲಿ ಕ್ಷಮಾದಾನ ಕೊಟ್ಟಿತು. ಅಂದು ಸರ್ಕಾರದ ಸಭೆಗೆ ಪೀಠವೂ ಇತ್ತು, ಜನವೂ ಇತ್ತು. ಆದರೂ ಕ್ರಿಸ್ತನ ಸಾಕ್ಷಿ ಉಳಿದದ್ದು ಬಡವರ ಪ್ರಾರ್ಥನಾಮಂದಿರದಲ್ಲಿ.

ಇನ್ನೊಂದು ಕಾಲವನ್ನು ನೋಡಿರಿ. ಜನ ಕಡಮೆಯಾಗುತ್ತಿದ್ದ 1985ರಲ್ಲಿ ಆರ್ಚ್‌ಬಿಷಪ್ ರಾಬರ್ಟ್ ರನ್ಸಿಯವರು ನೇಮಿಸಿದ್ದ ಸಮಿತಿಯು ನಗರಗಳ ಬಡ ಕೇರಿಗಳ ದುಸ್ಥಿತಿಯನ್ನು ವರದಿ ಮಾಡಿತು. ಸರ್ಕಾರದ ಕಡೆಯವರು ಇದು ಮಾರ್ಕ್ಸ್‌ವಾದವೆಂದು ಹೀಗಳೆದರು. ಮರುವರ್ಷವೇ ಭಾನುವಾರದ ಪ್ರಶ್ನೆ ಬಂತು. ಅಂಗಡಿಗಳನ್ನು ಭಾನುವಾರವೂ ತೆರೆಯಲು ಮಾರ್ಗರೆಟ್ ಥ್ಯಾಚರ್ ಸರ್ಕಾರ ಮಸೂದೆ ತಂದಾಗ ಸಭೆಗಳವರೂ ಅಂಗಡಿ ನೌಕರರ ಸಂಘವೂ ಒಂದೇ ಕಡೆ ನಿಂತರು. ಭಾರಿ ಬಹುಮತವಿದ್ದ ಆ ಸರ್ಕಾರದ ಸ್ವಂತ ಪಕ್ಷದವರೇ ಹಲವರು ತಿರುಗಿ ಬಿದ್ದು, 1986ರ ಏಪ್ರಿಲ್‌ನಲ್ಲಿ ಮಸೂದೆ 14 ಮತಗಳಿಂದ ಬಿದ್ದುಹೋಯಿತು. ಆರಾಧನೆಗೆ ಹೋಗುವವನಿಗೂ ಹೋಗದವನಿಗೂ ವಾರಕ್ಕೊಂದು ದಿನ ಹೆಂಡತಿ ಮಕ್ಕಳೊಂದಿಗೆ ಕುಳಿತುಕೊಳ್ಳುವ ಹಕ್ಕು ಉಳಿಯಿತು.

ಆ ಜಯ ಬಹಳ ದಿನ ನಿಲ್ಲಲಿಲ್ಲ. 1994ರ ಕಾಯಿದೆಯು ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ದೊಡ್ಡ ಅಂಗಡಿಗಳಿಗೆ ಭಾನುವಾರ ಆರು ಗಂಟೆ ವ್ಯಾಪಾರಕ್ಕೆ ಅನುಮತಿ ಕೊಟ್ಟಿತು. ಭಾನುವಾರ ದುಡಿಯಲು ಒಲ್ಲೆನೆನ್ನುವ ಹಕ್ಕನ್ನು ಅಂಗಡಿ ನೌಕರರಿಗೆ ಕಾಗದದ ಮೇಲೆ ಉಳಿಸಿತು. ಆದರೆ ಒಬ್ಬಂಟಿ ನೌಕರ ಯಜಮಾನನ ಮುಂದೆ ನಿಂತು ಒಲ್ಲೆ ಎನ್ನುವುದು ಎಷ್ಟು ಸುಲಭವೆಂದು ನಿಮಗೆ ನಾನು ಹೇಳಬೇಕಿಲ್ಲ. 2016ರಲ್ಲಿ ಈ ಗಂಟೆಗಳನ್ನು ಇನ್ನೂ ಹೆಚ್ಚಿಸಲು ದಾರಿಮಾಡುವ ಪ್ರಸ್ತಾಪ ಬಂದಾಗ ಪಾರ್ಲಿಮೆಂಟು 317ಕ್ಕೆ 286 ಮತಗಳಿಂದ ತಳ್ಳಿಹಾಕಿತು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೇ. ಸಭೆ ತನ್ನ ಗೌರವಕ್ಕಾಗಿ ಕಾದಾಡಿದಾಗ ಜನ ಮುಖ ತಿರುಗಿಸುತ್ತಾರೆ. ದುಡಿಯುವವನ ವಿಶ್ರಾಂತಿಗಾಗಿ ಕಾದಾಡಿದಾಗ ದೇವರಿಲ್ಲವೆನ್ನುವವನೂ ಹೆಗಲು ಕೊಡುತ್ತಾನೆ. ತನ್ನ ಮಾನ ಕಾಪಾಡಲು ಅನ್ಯಾಯವನ್ನು ಮುಚ್ಚಿಟ್ಟರೆ ಉನ್ನತ ಪೀಠವೂ ಉಳಿಯದು. ಮಕ್ಕಳನ್ನು ಹಿಂಸಿಸಿದವನೊಬ್ಬನ ವಿಷಯದಲ್ಲಿ ಸಭೆಯು ಸರಿಯಾಗಿ ನಡೆದುಕೊಳ್ಳಲಿಲ್ಲವೆಂಬ ವರದಿ ಬಂದು, 2024ರ ನವೆಂಬರಿನಲ್ಲಿ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿಯವರೇ ರಾಜೀನಾಮೆ ಘೋಷಿಸಬೇಕಾಯಿತು. ಜನ ಕಡಮೆಯಾದದ್ದು ಚಿಂತೆಯಲ್ಲವೆಂದು ನಾನು ಹೇಳುವುದಿಲ್ಲ. ಬಡವನ ಪರವಾಗಿ ಎದ್ದು ನಿಲ್ಲುವವರು ಆರಾಧನೆಯಿಂದಲೇ ಎದ್ದು ಬರಬೇಕು. ಬೆಂಚುಗಳು ಬರಿದಾದರೆ ಅವರೆಲ್ಲಿಂದ ಬಂದಾರು? ನಿಜವಾದ ನಷ್ಟ ಅದು.

ನಮಗೆ ಮೇಲ್ಮನೆಯಲ್ಲಿ ಪೀಠವಿಲ್ಲ, ಎಂದೂ ಇರಲಿಲ್ಲ. ನಾವಿರುವ ರಾಜ್ಯದಲ್ಲಿ ಮತದಿಂದಲೂ ಭಾಷೆಯಿಂದಲೂ ಅಲ್ಪರು. ಆದರೆ ವಿಶ್ರಾಂತಿ ದಿನದ ಆಜ್ಞೆ ನಮ್ಮ ಕೈಯಲ್ಲಿದೆ. ಧರ್ಮೋಪದೇಶಕಾಂಡದ ಐದನೆಯ ಅಧ್ಯಾಯವನ್ನು ತೆಗೆದು ನೋಡಿರಿ: ಆಳಿಗೂ ಅನ್ಯದೇಶದವನಿಗೂ ದುಡಿಯುವ ಎತ್ತಿಗೂ ಅಂದು ಬಿಡುವು ಇರಬೇಕು, ಏಕೆಂದರೆ ಇಸ್ರಾಯೇಲರೂ ಒಮ್ಮೆ ಐಗುಪ್ತದಲ್ಲಿ ಆಳುಗಳಾಗಿದ್ದರು. ಬ್ರಿಟಿಷ್ ದೊರೆಗಳು ಹೋದ ಮೇಲೆ 1951ರಲ್ಲಿ ಬಂದ ತೋಟ ಕಾರ್ಮಿಕರ ಕಾಯಿದೆಯೂ ಏಳು ದಿನಕ್ಕೊಂದು ವಿಶ್ರಾಂತಿಗೆ ಎಡೆಮಾಡಿತು.

ಕೊಯ್ಲಿನ ಕಾಲದಲ್ಲಿ ಭಾನುವಾರವೂ ಕೆಲಸಕ್ಕೆ ಕರೆ ಬಂದರೆ ಹೋಗುವುದೋ ಬಿಡುವುದೋ ಎಂದು ಪ್ರತಿಯೊಂದು ಮನೆಯವರೂ ತಾವೇ ತೂಗಿಕೊಳ್ಳುವ ಹಾಗೆ ಸಭೆ ಬಿಡಬಾರದು. ಒಲ್ಲೆನೆಂದವರ ಮೇಲೆ ಮೇಸ್ತ್ರಿ ಕಣ್ಣು ಕೆಂಪಗೆ ಮಾಡಿದರೆ ಸಭೆಯ ಹಿರಿಯರು ಸಂಘದವರ ಜೊತೆಗೆ ಆಫೀಸಿಗೆ ಹೋಗಲಿ. ಸಾಲಕ್ಕಾಗಿ ಹೋಗಲೇಬೇಕಾದ ತಾಯಿಯನ್ನು ಪಾಪಿಯೆಂದು ಯಾರೂ ಕರೆಯದಿರಲಿ. ಅವಳ ಮಕ್ಕಳಿಗೆ ಅಂದು ಊಟ ಹಾಕಲಿ. ಪಕ್ಕದ ಲೈನಿನ ಹಿಂದೂ, ಮುಸಲ್ಮಾನ ಅಣ್ಣತಮ್ಮಂದಿರ ಹಬ್ಬದ ರಜೆಗೂ ನಾವೇ ಮೊದಲು ದನಿ ಎತ್ತೋಣ. ಹಾಗೆ ನಡೆದರೆ ನಮ್ಮ ಪ್ರಾರ್ಥನಾಮಂದಿರ ಎಷ್ಟು ಚಿಕ್ಕದಾದರೂ ತೋಟದಲ್ಲಿ ಅದಕ್ಕೊಂದು ಬೆಲೆಯಿರುವುದು.