ಹೆಸರು ಬದಲಾದರೂ ದಾರಿ ತಪ್ಪದಿರಲಿ

ಮಾಗಡಿ ತಾಲ್ಲೂಕಿನ ಕುದೂರು ಇದ್ದಲ್ಲಿಯೇ ಇದೆ. ಅದರ ಜಿಲ್ಲೆಯ ಹೆಸರು ಮಾತ್ರ ಬದಲಾಗುತ್ತ ಬಂದಿದೆ. ಮೊದಲು ಬೆಂಗಳೂರು, 1986ರಲ್ಲಿ ಬೆಂಗಳೂರು ಗ್ರಾಮಾಂತರ, 2007ರಲ್ಲಿ ರಾಮನಗರ, 2025ರಲ್ಲಿ ಬೆಂಗಳೂರು ದಕ್ಷಿಣ. ಹಳೆಯ ವಿಳಾಸದ ಕಾಗದವನ್ನೂ ಊರು ಬಲ್ಲ ಅಂಚೆಯಾತನು ತಲಪಿಸಿಯಾನು. ಗಣಕಯಂತ್ರಕ್ಕೆ ಈ ವಿವೇಕವಿಲ್ಲ.

ವೈಜ್ಞಾನಿಕ ದತ್ತಾಂಶದ ಸರ್ವರಿನಲ್ಲಿ, ಜಿಲ್ಲೆಯೊಳಗೆ ತಾಲ್ಲೂಕು, ತಾಲ್ಲೂಕಿನೊಳಗೆ ಊರು ಇರುವಂತೆ, ಡೈರೆಕ್ಟರಿಯೊಳಗೆ ಡೈರೆಕ್ಟರಿ, ಅದರೊಳಗೆ ಕಡತಗಳು ಇರುತ್ತವೆ. ಮೇಲಿನ ಒಂದು ಹೆಸರನ್ನು ಬದಲಿಸಿ, ಸರ್ವರಿನ ವ್ಯವಸ್ಥಾಪಟ್ಟಿಯಲ್ಲಿ ಹಳೆಯದನ್ನೇ ಉಳಿಸಿದರೆ, ಒಳಗಿನ ಕಡತಗಳೆಲ್ಲ ಸುರಕ್ಷಿತವಾಗಿದ್ದರೂ ‘ಇಲ್ಲ’ವೆಂಬ ಉತ್ತರವೇ ದೊರೆಯುವುದು.

ಆಗ ದತ್ತಾಂಶ ನಾಶವಾಯಿತೆಂದು ಗಾಬರಿಗೊಳ್ಳಬಾರದು. ಮೂಲ ಡೈರೆಕ್ಟರಿಯಿಂದ ಒಂದೊಂದೇ ಮೆಟ್ಟಿಲಿಳಿದು ನೋಡಬೇಕು. ಹೆಸರು ಅಕ್ಷರಶಃ ಸರಿಯಿದೆಯೆ? ಲಿನಕ್ಸಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರವೇ ಬೇರೆ, ಚಿಕ್ಕಕ್ಷರವೇ ಬೇರೆ. ಪ್ರತಿಯೊಂದು ಡೈರೆಕ್ಟರಿಯನ್ನೂ ಪ್ರವೇಶಿಸಲು ಸರ್ವರಿಗೆ ಅನುಮತಿಯಿದೆಯೆ? ಒಮ್ಮೆಗೆ ಒಂದನ್ನೇ ತಿದ್ದಿ ಪರೀಕ್ಷಿಸಬೇಕು.

ಇದು ಗುಮಾಸ್ತರ ಕೆಲಸವೆಂದು ಕೆಲವರು ಹಗುರವಾಗಿ ಕಾಣುವರು. ನಾವು ಒಪ್ಪುವುದಿಲ್ಲ. ಬ್ಯಾಲಾಳಿನಲ್ಲಿರುವ ಇಸ್ರೋದ ದತ್ತಾಂಶ ಕೇಂದ್ರದಲ್ಲಿ 2008ರ ಚಂದ್ರಯಾನ–1ರ ಅಳತೆಗಳಿವೆ. ಆ ನೌಕೆಯ ಸಂಪರ್ಕ 2009ರ ಆಗಸ್ಟಿನಲ್ಲಿ ಕಡಿಯಿತು. ಅದೇ ನೌಕೆಯಿಂದ ಮತ್ತೆ ಅಳೆಯಲಾಗದು. ಇಂತಹ ನಿಧಿಗೆ ದಾರಿ ತಪ್ಪಿದರೆ, ಇದ್ದೂ ಇಲ್ಲದಂತಾಗುವುದು.

ಆದುದರಿಂದ ಹೆಸರು ಬದಲಿಸುವವರು ಹಳೆಯ ವಿಳಾಸದಲ್ಲಿ ಹೊಸ ದಾರಿಯ ಸೂಚನೆಯನ್ನು ಇರಿಸಲೇಬೇಕು. ವಿದ್ಯಾರ್ಥಿಗಳು ಈ ಶಿಸ್ತನ್ನು ತಮ್ಮ ಪ್ರಯೋಗದ ಪುಸ್ತಕದಿಂದಲೇ ಆರಂಭಿಸಲಿ.